ಬಿದರಿ ಕೈಗಾರಿಕೆಯೂ ದುಡಿಯುವ ಬಂಡವಾಳವೂ: ಒಂದು ವಿಮರ್ಶೆ

ಬೀದರ ನಗರದ ಹೆಸರನ್ನು ದೇಶವಿದೇಶಗಳಿಗೆ ಕೊಂಡೊಯ್ದ ಬಿದರಿ ಕೆಲಸವನ್ನು ಕುರಿತು ಬರೆದವರು ಅನೇಕರು. ಮಿಶ್ರಲೋಹದ ಪಾಕ, ಎರಕದ ವಿಧಾನ, ಹೂಬಳ್ಳಿಗಳ ವಿನ್ಯಾಸ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಬಗೆ, ಸುಲ್ತಾನರ ಪ್ರೋತ್ಸಾಹ, ಇವೆಲ್ಲವೂ ಆ ಬರಹಗಳಲ್ಲಿ ವಿಸ್ತಾರವಾಗಿ ನಿರೂಪಿತವಾಗಿವೆ. ಆದರೆ ಅವುಗಳನ್ನು ಒಟ್ಟಾಗಿ ಓದಿದ ವಾಚಕರಿಗೆ ಒಂದು ಪ್ರಶ್ನೆಗೆ ಮಾತ್ರ ಸುಲಭವಾಗಿ ಉತ್ತರ ದೊರೆಯುವುದಿಲ್ಲ. ಪಾತ್ರೆಯ ಮೇಲೆ ಕೂರಿಸಿದ ಆ ಬೆಳ್ಳಿ ಯಾರದು? ಅದನ್ನು ಕೊಳ್ಳಲು ಹಣ ಹಾಕಿದವರು ಯಾರು? ಹಾಕಿದ ಹಣ ಮರಳಿ ಕೈಸೇರಲು ಎಷ್ಟು ಕಾಲ ಹಿಡಿಯಿತು? ಈ ಪ್ರಶ್ನೆಯನ್ನು ಕೇಳದ ಇತಿಹಾಸವು ಅಪೂರ್ಣವೆಂದೂ, ಇದನ್ನು ಕೇಳದೆ ರೂಪಿಸಿದ ಸಾಲದ ಯೋಜನೆಗಳು ಗುರಿ ತಪ್ಪುವುವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಅರ್ಥಶಾಸ್ತ್ರದ ಪಠ್ಯಗ್ರಂಥಗಳು ತಯಾರಿಕೆಯ ಬಂಡವಾಳವನ್ನು ಎರಡಾಗಿ ವಿಂಗಡಿಸುತ್ತವೆ. ಕಟ್ಟಡ, ಯಂತ್ರ, ಉಪಕರಣಗಳಲ್ಲಿ ನೆಲೆಸಿರುವುದು ಸ್ಥಿರ ಬಂಡವಾಳ. ಕಚ್ಚಾ ಸಾಮಗ್ರಿ, ಕೂಲಿ, ಅರ್ಧ ಮುಗಿದ ಸರಕು, ಮಾರಾಟವಾಗದ ದಾಸ್ತಾನು, ಬರಬೇಕಾದ ಬಾಕಿ, ಇವುಗಳಲ್ಲಿ ಸುತ್ತುತ್ತಿರುವುದು ದುಡಿಯುವ ಬಂಡವಾಳ. ಬಿದರಿ ಕುಶಲಕರ್ಮಿಯ ಉಳಿ, ಸುತ್ತಿಗೆ, ಅರ, ಕುಲುಮೆಗಳು ಒಂದು ಸಲ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಅವನ ನಿಜವಾದ ಕಷ್ಟವಿರುವುದು ಎರಡನೆಯ ಬಗೆಯ ಬಂಡವಾಳದಲ್ಲಿ. ಇದನ್ನು ಅರಿಯಬೇಕಾದರೆ ಕೆಲಸದ ಕ್ರಮವನ್ನು ಕಲೆಯ ದೃಷ್ಟಿಯಿಂದಲ್ಲದೆ ಕಾಲದ ದೃಷ್ಟಿಯಿಂದ ನೋಡಬೇಕು.

ಬಿದರಿ ವಸ್ತುವಿನ ಒಡಲು ಬಹುಪಾಲು ಸತುವಿನದು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರುತ್ತದೆ. ಅದನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ವಿನ್ಯಾಸವನ್ನು ಗೀರುತ್ತಾರೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಮತ್ತೆ ನಯಗೊಳಿಸಿ, ಬಿಸಿ ಮಾಡಿ, ನವಸಾಗರ ಬೆರೆಸಿದ ಕೋಟೆಯ ಮಣ್ಣನ್ನು ಉಜ್ಜಿದಾಗ ಒಡಲು ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ತನ್ನ ಬಿಳುಪನ್ನು ಉಳಿಸಿಕೊಳ್ಳುತ್ತದೆ. ಈ ಸಾಮಗ್ರಿಗಳಲ್ಲಿ ಬೆಲೆ ಬಾಳುವುದು ಬೆಳ್ಳಿ. ಅದು ಕುಶಲಿಯ ಕೈಗೆ ಬಂದ ದಿನದಿಂದ, ಪಾತ್ರೆ ಮುಗಿದು, ಅಂಗಡಿಯ ಕಪಾಟಿನಲ್ಲಿ ಕುಳಿತು, ಗಿರಾಕಿಯನ್ನು ಕಂಡು, ಹಣವಾಗಿ ಮರಳುವ ದಿನದವರೆಗೆ ಯಾರದೋ ಹಣ ಆ ಪಾತ್ರೆಯಲ್ಲಿ ಬಂಧಿತವಾಗಿರುತ್ತದೆ. ಕೆತ್ತನೆಯ ಕಾಲಕ್ಕೆ ಕಾದಿರುವ ಕಾಲವೂ ಸೇರುತ್ತದೆ.

ಈ ಕಾಲದ ಮಹತ್ವವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಬ್ಬ ಕುಶಲಿಯ ಬಳಿ ೪೦,೦೦೦ ರೂಪಾಯಿಗಳ ದುಡಿಯುವ ಬಂಡವಾಳವಿದೆಯೆಂದೂ, ಪ್ರತಿಯೊಂದು ಸುತ್ತಿಗೆ ಸಾಮಗ್ರಿಯ ಖರ್ಚು ಕಳೆದು ಅವನಿಗೆ ೬,೦೦೦ ರೂಪಾಯಿ ಉಳಿಯುತ್ತದೆಂದೂ ಇಟ್ಟುಕೊಳ್ಳೋಣ. ಹಣವು ಎರಡು ತಿಂಗಳಿಗೊಮ್ಮೆ ಮರಳಿದರೆ ವರ್ಷದಲ್ಲಿ ಆರು ಸುತ್ತು; ಗಳಿಕೆ ೩೬,೦೦೦. ಅದೇ ಹಣ ಆರು ತಿಂಗಳಿಗೊಮ್ಮೆ ಮರಳಿದರೆ ಎರಡೇ ಸುತ್ತು, ಗಳಿಕೆ ೧೨,೦೦೦. ಆ ಬಂಡವಾಳವು ತಿಂಗಳಿಗೆ ನೂರಕ್ಕೆ ಎರಡರಂತೆ ತಂದ ಸಾಲವಾಗಿದ್ದರೆ ವರ್ಷದ ಬಡ್ಡಿ ೯,೬೦೦. ಮೊದಲನೆಯ ಸಂದರ್ಭದಲ್ಲಿ ಅವನಿಗೆ ೨೬,೪೦೦ ಉಳಿಯುತ್ತದೆ. ಎರಡನೆಯದರಲ್ಲಿ ೨,೪೦೦ ಮಾತ್ರ. ಅವನ ಕೈಚಳಕ ಕುಂದಿಲ್ಲ, ಸರಕಿನ ಬೆಲೆ ಇಳಿದಿಲ್ಲ, ಸಾಲದ ಮೊತ್ತವೂ ಬದಲಾಗಿಲ್ಲ, ಬದಲಾದದ್ದು ಕಾಲವೊಂದೇ. ಕೈಗಾರಿಕೆಯೊಂದರ ಏಳುಬೀಳುಗಳನ್ನು ವಿವರಿಸಹೊರಟವರು ಈ ಅಂಶವನ್ನು ಬಿಟ್ಟರೆ, ಕಾರಣವನ್ನು ಕುಶಲಿಯ ಆಲಸ್ಯದಲ್ಲಿಯೋ ಗಿರಾಕಿಯ ಅಭಿರುಚಿಯಲ್ಲಿಯೋ ಹುಡುಕಬೇಕಾಗುತ್ತದೆ. ಹಾಗೆ ಹುಡುಕಿದ ನಿದರ್ಶನಗಳು ವಿರಳವಲ್ಲ.

ಹತ್ತೊಂಬತ್ತನೆಯ ಶತಮಾನದ ಬರಹಗಳನ್ನು ಮೊದಲು ಪರಿಶೀಲಿಸೋಣ. ಬೆಂಜಮಿನ್ ಹೈನ್ ಬಿದರಿಯ ಪಾಕವನ್ನು ವಿವರಿಸಿದನು. ಬಂಗಾಳ ಪ್ರಾಂತದ ಪೂರ್ಣಿಯಾದಲ್ಲಿ ನಡೆಯುತ್ತಿದ್ದ ಇದೇ ಬಗೆಯ ಕೆಲಸವನ್ನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ ನೋಡಿ, ಒಂದು ಪಾಕಕ್ಕೆ ೧೨,೩೬೦ ಗ್ರೇನ್ ಸತು, ೪೬೦ ಗ್ರೇನ್ ತಾಮ್ರ, ೪೧೪ ಗ್ರೇನ್ ಸೀಸವೆಂದು ತೂಗಿ ಬರೆದಿಟ್ಟನು. ೧೮೮೦ರಲ್ಲಿ ಭಾರತದ ಕೈಗಾರಿಕಾ ಕಲೆಗಳನ್ನು ಕುರಿತು ಗ್ರಂಥ ಬರೆದ ಜಾರ್ಜ್ ಬರ್ಡ್‌ವುಡ್ ಈ ಪ್ರಮಾಣಗಳನ್ನು ಮುಂದಿನ ಓದುಗರಿಗೆ ದಾಟಿಸಿದನು. ಇವರ ಸೂಕ್ಷ್ಮತೆಯನ್ನು ಅಲ್ಲಗಳೆಯುವಂತಿಲ್ಲ. ಅವರಿಲ್ಲದೆ ನಮಗೆ ಆ ಕಾಲದ ತಂತ್ರದ ಅರಿವೇ ಇರುತ್ತಿರಲಿಲ್ಲ. ಆದರೆ ಇಂಥ ಬರಹಗಳಿಂದ ಮುಂದಿನ ಲೇಖಕರು ಆಯ್ದುಕೊಂಡದ್ದು ಪಾಕವನ್ನು. ಒಂದೂವರೆ ಶತಮಾನ ಕಾಲ ಗ್ರಂಥದಿಂದ ಗ್ರಂಥಕ್ಕೆ ಲೋಹದ ತೂಕ ನಕಲಾಗುತ್ತ ಬಂದಿತು. ಲೋಹದ ಒಡೆತನದ ವಿಚಾರ ಅದರ ಜೊತೆಗೆ ಬರಲಿಲ್ಲ.

ಕುಶಲಕರ್ಮಿಯನ್ನೇ ಕೇಂದ್ರವಾಗಿಸಿಕೊಂಡ ಗ್ರಂಥವೆಂದರೆ ಆನಂದ ಕುಮಾರಸ್ವಾಮಿಯವರು ೧೯೦೯ರಲ್ಲಿ ಪ್ರಕಟಿಸಿದ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’. ಯಂತ್ರಯುಗದ ಮದದಲ್ಲಿ ಕೈಕೆಲಸವನ್ನು ಕೀಳಾಗಿ ಕಂಡವರಿಗೆ ಆ ಗ್ರಂಥವು ಕೊಟ್ಟ ಉತ್ತರ ಇಂದಿಗೂ ಮನನೀಯ. ಅವರು ಭಾರತೀಯ ಕುಶಲಿಯನ್ನು ಮೂರು ನೆಲೆಗಳಲ್ಲಿ ಕಾಣುತ್ತಾರೆ: ಗ್ರಾಮಸಮುದಾಯದ ಸದಸ್ಯನಾಗಿ, ಮಹಾನಗರದ ಶ್ರೇಣಿಯ ಸದಸ್ಯನಾಗಿ, ಅರಸನ ಅಥವಾ ದೇವಾಲಯದ ಆಶ್ರಿತನಾಗಿ. ಈ ಮೂರರಲ್ಲಿ ಬಿದರಿಯವನ ಸ್ಥಾನ ಯಾವುದು? ಅವನು ಆಯಗಾರನಲ್ಲ, ಊರಿನ ಒಕ್ಕಲಿಗನಿಗೆ ಬೆಳ್ಳಿ ಕೂರಿಸಿದ ಹುಕ್ಕಾ ವರ್ಷವರ್ಷವೂ ಬೇಕಾಗುವುದಿಲ್ಲ. ಅರಸೊತ್ತಿಗೆ ಅಳಿದ ಮೇಲೆ ಅವನು ಆಶ್ರಿತನೂ ಅಲ್ಲ. ಪರರ ಬೆಳ್ಳಿಯ ಮೇಲೆ, ಪರರು ಗೊತ್ತುಪಡಿಸಿದ ಕೂಲಿಗೆ ದುಡಿಯುವ ಕುಶಲಿ ನಾಲ್ಕನೆಯ ನೆಲೆಯವನು. ಮೂರು ನೆಲೆಗಳ ವಿಂಗಡಣೆಯಲ್ಲಿ ಅವನಿಗೂ, ಅವನಿಗೆ ಮುಂಗಡ ಕೊಡುವ ಸಾಹುಕಾರನಿಗೂ ಸ್ಥಳವಿಲ್ಲ. ಆದರ್ಶವು ಚೆಲುವಾಗಿದೆ, ಅದರಲ್ಲಿ ಖಾತೆಪುಸ್ತಕವಿಲ್ಲ.

ಬೀದರಿನ ಸ್ಥಳೀಯ ಇತಿಹಾಸದ ಮಾತಿಗೆ ಬಂದರೆ, ಗುಲಾಮ್ ಯಜ್ದಾನಿಯವರ ೧೯೪೭ರ ಗ್ರಂಥವು ಇಂದಿಗೂ ಆಧಾರಭೂತವಾದುದು. ಅದರ ವಿಷಯ ನಗರದ ಇತಿಹಾಸ ಮತ್ತು ಸ್ಮಾರಕಗಳು. ಬಿದರಿಯ ಅರ್ಥವ್ಯವಸ್ಥೆಯನ್ನು ಅದು ಹೇಳಲಿಲ್ಲವೆಂದು ದೂರುವುದು ಸಲ್ಲದು. ದೂರಬೇಕಾದದ್ದು ಅದರ ಅನುಯಾಯಿಗಳನ್ನು. ಸ್ಮಾರಕಗಳನ್ನು ಕುರಿತು ಬರೆಯುವ ರೀತಿಯಲ್ಲಿಯೇ ಅವರು ಕೈಗಾರಿಕೆಯನ್ನು ಕುರಿತೂ ಬರೆದು, ‘ಸುಲ್ತಾನರಿದ್ದರು, ಕಲೆ ಬೆಳಗಿತು, ಸುಲ್ತಾನರು ಹೋದರು, ಕಲೆ ಮಸುಕಾಯಿತು’ ಎಂಬ ಸರಳ ಸೂತ್ರಕ್ಕೆ ಶರಣಾದರು. ಹಳೆಯ ಪಾತ್ರೆಗಳಲ್ಲಿ ದಪ್ಪ ತಗಡಿನ ಕೆಲಸವೂ, ಇತ್ತೀಚಿನವುಗಳಲ್ಲಿ ತಂತಿಯ ಮತ್ತು ತೆಳು ತಗಡಿನ ಕೆಲಸವೂ ಹೆಚ್ಚಾಗಿರುವುದನ್ನು ಅಭಿರುಚಿಯ ಇಳಿತವೆಂದು ಅರ್ಥೈಸುವುದುಂಟು. ಇದಕ್ಕೆ ಬೇರೊಂದು ವಿವರಣೆಯೂ ಸಾಧ್ಯ. ಬೆಳ್ಳಿಗೆ ಹಣ ಸಾಲದವನು ಅದೇ ವಿನ್ಯಾಸವನ್ನು ಕಡಮೆ ಬೆಳ್ಳಿಯಲ್ಲಿ ಮುಗಿಸುವ ಉಪಾಯವನ್ನು ಕಂಡುಕೊಳ್ಳುತ್ತಾನೆ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಇರುವ ಪಾತ್ರೆಗಳ ಬೆಳ್ಳಿಯ ದಪ್ಪವನ್ನು ಕಾಲಾನುಕ್ರಮದಲ್ಲಿ ಹೋಲಿಸಿದರೆ ಈ ಊಹೆಯನ್ನು ಪರೀಕ್ಷೆಗೆ ಒಡ್ಡಬಹುದು. ತೆಳುವಾದದ್ದು ಅಭಿರುಚಿಯೋ ಕೈಯಲ್ಲಿದ್ದ ಹಣವೋ ಎಂಬುದನ್ನು ಪರೀಕ್ಷಿಸದೆ ತೀರ್ಪು ಕೊಡುವುದು ವಿಮರ್ಶೆಯಲ್ಲ.

ಇಂಥ ಪ್ರಶ್ನೆ ಆಧುನಿಕ ಅರ್ಥಶಾಸ್ತ್ರದ ಕನ್ನಡಕದಿಂದ ಮಾತ್ರ ಹುಟ್ಟಿದ್ದು, ಹಿಂದಿನವರಿಗೆ ಅದು ಹೊಳೆದಿರಲಾರದು ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಆಕ್ಷೇಪಕ್ಕೆ ನಮ್ಮ ಜಿಲ್ಲೆಯ ಇತಿಹಾಸವೇ ಉತ್ತರ ಕೊಡುತ್ತದೆ. ಬಹಮನೀ ರಾಜ್ಯದ ಪ್ರಧಾನಿ ಮಹಮೂದ ಗವಾನನು ಮೂಲತಃ ವ್ಯಾಪಾರಿ. ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರ ಒಡೆಯ, ಎಂಬ ಬಿರುದನ್ನು ಧರಿಸಿದವನು. ೧೪೮೧ರಲ್ಲಿ ಅವನ ವಧೆಯಾದ ಮೇಲೆ ಸುಲ್ತಾನನು ಅವನ ಧನವೆಲ್ಲಿ ಎಂದು ವಿಚಾರಿಸಿದಾಗ ಖಜಾಂಚಿಯು ಕೊಟ್ಟ ಉತ್ತರವನ್ನು ಫಿರಿಷ್ತಾ ದಾಖಲಿಸಿದ್ದಾನೆ. ಗವಾನನು ತನ್ನ ದೇಶದಿಂದ ತಂದ ೪೦,೦೦೦ ಲಾರಿಗಳನ್ನು ಪ್ರತಿವರ್ಷವೂ ವ್ಯಾಪಾರದಲ್ಲಿ ತೊಡಗಿಸುತ್ತಿದ್ದನು. ಮೂಲಧನವನ್ನು ಬೇರೆಯಾಗಿಯೇ ಇಟ್ಟು, ಬಂದ ಲಾಭದಲ್ಲಿ ದಿನಕ್ಕೆ ಎರಡು ಲಾರಿಗಳನ್ನು ತನ್ನ ಖರ್ಚಿಗೆ ತೆಗೆದುಕೊಂಡು, ಉಳಿದುದನ್ನು ಬಡವರಿಗೆ ಹಂಚುತ್ತಿದ್ದನು ಎಂಬುದು ಅದರ ತಾತ್ಪರ್ಯ. ಲಾರಿ ಎಂಬುದು ಬೆಳ್ಳಿಯ ತಂತಿಯನ್ನು ಬಾಗಿಸಿ ಮಾಡಿದ ನಾಣ್ಯ. ಫಿರಿಷ್ತಾ ಬಿಜಾಪುರದಲ್ಲಿದ್ದುಕೊಂಡು ಬರೆದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ, ಕಥನವು ಪ್ರಶಂಸಾಪರವಾದುದು, ಅಂಕಿಗಳನ್ನು ಅಕ್ಷರಶಃ ನಂಬಬೇಕೆಂದು ನಾವು ಹೇಳುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಸುತ್ತಿ ಬರುವ ಮೂಲಧನ ಬೇರೆ, ಉಣ್ಣಲು ತೆಗೆದುಕೊಳ್ಳುವ ಲಾಭ ಬೇರೆ ಎಂಬ ಭೇದವು ಆ ಕಾಲದ ಓದುಗರಿಗೆ ವಿವರಣೆಯಿಲ್ಲದೆಯೇ ತಿಳಿಯುತ್ತಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಗವಾನನ ಮದರಸಾದ ಮಿನಾರನ್ನು ವಿದ್ಯಾರ್ಥಿಗಳಿಗೆ ತೋರಿಸುವ ನಾವು ಅವನ ಈ ಲೆಕ್ಕವನ್ನೂ ತೋರಿಸಬೇಕು.

ಇದಕ್ಕಿಂತ ಹಳೆಯದೂ, ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದೂ ಆದ ಸಾಕ್ಷ್ಯವು ಇಂದಿನ ಬಸವಕಲ್ಯಾಣದ್ದು. ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ಚರ್ಚೆಗಾಗಿ ನ್ಯಾಯವಾದಿಗಳು ಅದನ್ನು ಬಲ್ಲರು. ಅದರ ವ್ಯವಹಾರಾಧ್ಯಾಯದಲ್ಲಿ ನಮಗೆ ಬೇಕಾದ ಎರಡು ಪ್ರಕರಣಗಳಿವೆ. ಒಂದು ಋಣಾದಾನ. ಅಲ್ಲಿ ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು, ಬಡ್ಡಿ. ಅಡವಿಯ ದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರಿಗೆ ನೂರಕ್ಕೆ ಹತ್ತು, ಸಮುದ್ರಯಾನ ಮಾಡುವವರಿಗೆ ಇಪ್ಪತ್ತು. ಇನ್ನೊಂದು ಪ್ರಕರಣದಲ್ಲಿ, ಒಡವೆ ಮೊದಲಾದುವನ್ನು ಮಾಡಲೆಂದು ಕುಶಲಿಯ ಕೈಗೆ ಒಪ್ಪಿಸಿದ ಲೋಹವನ್ನು ಅವನು ಎಷ್ಟು ತೂಕದಲ್ಲಿ ಹಿಂತಿರುಗಿಸಬೇಕೆಂಬ ವಿಚಾರವಿದೆ. ಬೆಂಕಿಯಲ್ಲಿ ಚಿನ್ನ ಸವೆಯುವುದಿಲ್ಲ. ಬೆಳ್ಳಿಯು ನೂರು ಪಲಕ್ಕೆ ಎರಡು, ತಾಮ್ರವು ಐದು, ತವರ ಮತ್ತು ಸೀಸಗಳು ಎಂಟು, ಕಬ್ಬಿಣವು ಹತ್ತು ಪಲ ಸವೆಯಬಹುದು. ಅದಕ್ಕಿಂತ ಹೆಚ್ಚು ಕಡಮೆಯಾದರೆ ಕುಶಲಿಯೇ ಹೊಣೆ.

ಈ ಎರಡು ಪ್ರಕರಣಗಳು ಬೇರೆಬೇರೆಯಾಗಿರುವುದು ಗಮನಾರ್ಹ. ಸಾಲವಾಗಿ ಕೊಟ್ಟ ಹಣಕ್ಕೆ ಕಾಲವು ಬೆಳೆದಂತೆ ಬಡ್ಡಿ ಬೆಳೆಯುತ್ತದೆ. ಒಪ್ಪಿಸಿದ ಲೋಹದ ಲೆಕ್ಕವು ತೂಕದ್ದು. ಅಲ್ಲಿ ಬಡ್ಡಿಯ ಮಾತಿಲ್ಲ, ಸವಕಳಿಯ ಮಾತಿದೆ. ಸಾಲದಲ್ಲಿ ಲೋಹದ ಬೆಲೆಯ ಏರಿಳಿತವೂ ಸರಕು ಮಾರಾಟವಾಗದ ಅಪಾಯವೂ ಕುಶಲಿಯ ಹೆಗಲಿಗೆ ಬೀಳುತ್ತವೆ. ಒಪ್ಪಿಸಿದ ಲೋಹದಲ್ಲಿ ಅವೆರಡೂ ಒಡೆಯನ ಹೆಗಲಿನಲ್ಲಿಯೇ ಉಳಿಯುತ್ತವೆ. ದುಡಿಯುವ ಬಂಡವಾಳವನ್ನು ಒದಗಿಸುವ ಈ ಎರಡು ಕ್ರಮಗಳ ಭೇದವನ್ನು ಕಲ್ಯಾಣದ ಶಾಸ್ತ್ರಕಾರನು ಒಂಬೈನೂರು ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಇರಿಸಿಕೊಂಡಿದ್ದನು. ಇಂದಿನ ಚರ್ಚೆಗಳಲ್ಲಿ ಅದು ಕಲಸಿಹೋಗಿದೆ.

ಹಾಗೆಂದು ಒಪ್ಪಿಸಿದ ಲೋಹದ ಕ್ರಮವೇ ಶ್ರೇಷ್ಠವೆಂದು ಸಾರುವುದೂ ಏಕಪಕ್ಷೀಯವಾದೀತು. ಅಪಾಯವು ಒಡೆಯನದಾದಾಗ ಲಾಭವೂ ಅವನದೇ ಆಗುತ್ತದೆ. ವಿನ್ಯಾಸ, ಬೆಲೆ, ಗಿರಾಕಿ, ಎಲ್ಲವೂ ಅವನ ಅಂಕೆಗೆ ಸೇರಿ ಕುಶಲಿಯು ಕೂಲಿಯವನಾಗುತ್ತಾನೆ. ಮುಂಗಡವು ಬಂಧನವಾದ ಪರಿಯನ್ನು ಬಂಗಾಳದ ನೇಕಾರರ ಇತಿಹಾಸದಲ್ಲಿ ಕಾಣಬಹುದು. ಈಸ್ಟ್ ಇಂಡಿಯಾ ಕಂಪನಿಯು ೧೭೫೩ರಲ್ಲಿ ದಾದನಿ ವರ್ತಕರನ್ನು ಬಿಟ್ಟು ತನ್ನ ಗುಮಾಸ್ತರ ಮೂಲಕವೇ ಮುಂಗಡ ಕೊಡತೊಡಗಿತು. ಮುಂದೆ ಅಧಿಕಾರವೂ ಅದರ ಕೈಸೇರಿದಾಗ ಮುಂಗಡ ಪಡೆದ ನೇಕಾರನಿಗೆ ಬೇರೊಬ್ಬರಿಗೆ ಮಾರುವ ಸ್ವಾತಂತ್ರ್ಯವೇ ಉಳಿಯಲಿಲ್ಲ. ಇದಕ್ಕೆ ತೀರ ವಿರುದ್ಧವಾದ ಚಿತ್ರವು ನಾಸಿಕದ ಗುಹಾಶಾಸನದಲ್ಲಿದೆ. ಕ್ರಿಸ್ತಶಕದ ಎರಡನೆಯ ಶತಮಾನದ ಆರಂಭದಲ್ಲಿ ಉಷವದಾತನು ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ ೨,೦೦೦ ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರಂತೆಯೂ, ಮತ್ತೊಂದರಲ್ಲಿ ೧,೦೦೦ವನ್ನು ಮುಕ್ಕಾಲರಂತೆಯೂ ಶಾಶ್ವತವಾಗಿ ಇರಿಸಿದನು. ಧರ್ಮದತ್ತಿಯೆಂದೇ ನಾವು ಓದುವ ಈ ಶಾಸನವು ನೇಕಾರರ ಕಡೆಯಿಂದ ನೋಡಿದರೆ, ಮೂಲಧನವನ್ನು ಎಂದೂ ಮರಳಿಸಬೇಕಾಗಿಲ್ಲದ ಅಗ್ಗದ ದುಡಿಯುವ ಬಂಡವಾಳ. ಅದನ್ನು ಪಡೆದದ್ದು ಒಬ್ಬೊಂಟಿ ನೇಕಾರನಲ್ಲ, ಶ್ರೇಣಿ. ಹಣ ಒಂದೇ ಆದರೂ ಅದನ್ನು ಪಡೆಯುವವನ ಬಲವು ಬೇರೆಯಾದಾಗ ಫಲವೂ ಬೇರೆಯಾಗುತ್ತದೆ.

ಈ ಪ್ರಶ್ನೆ ಬಿದರಿಯವರೊಬ್ಬರದೇ ಎಂದೂ ಭಾವಿಸಬಾರದು. ಬೀದರಿಗೆ ಸಮೀಪದ ಕಮಠಾಣದಿಂದ ಭಾಲ್ಕಿಯವರೆಗಿನ ಸೀಮೆಯಲ್ಲಿ ಕಬ್ಬು ಬೆಳೆಯುವವರು ಅನೇಕರು. ಸಕ್ಕರೆ ಕಾರ್ಖಾನೆಯು ಕಬ್ಬನ್ನು ಕೆಲವೇ ತಿಂಗಳುಗಳಲ್ಲಿ ಅರೆದು, ಸಕ್ಕರೆಯನ್ನು ವರ್ಷವಿಡೀ ಮಾರುತ್ತದೆ. ನಡುವಣ ಕಾಲಕ್ಕೆ ಅದಕ್ಕೂ ದುಡಿಯುವ ಬಂಡವಾಳ ಬೇಕು. ಬ್ಯಾಂಕಿನಿಂದ ಅದು ಸಾಲದಾದಾಗ ರೈತನ ಬಾಕಿಯೇ ಬಂಡವಾಳವಾಗುತ್ತದೆ. ೧೯೬೬ರ ಕಬ್ಬು ನಿಯಂತ್ರಣ ಆದೇಶವು ಕಬ್ಬು ಒಪ್ಪಿಸಿದ ಹದಿನಾಲ್ಕು ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ವರ್ಷಕ್ಕೆ ನೂರಕ್ಕೆ ಹದಿನೈದರಂತೆ ಬಡ್ಡಿ ತೆರಬೇಕೆಂದೂ ವಿಧಿಸಿತು. ೨೦೦೬ರ ಸಣ್ಣ ಕೈಗಾರಿಕೆಗಳ ಅಧಿನಿಯಮವು ಸಣ್ಣ ತಯಾರಕರಿಗೆ ಸಲ್ಲಬೇಕಾದ ಹಣಕ್ಕೆ ನಲವತ್ತೈದು ದಿನಗಳ ಮಿತಿಯನ್ನು ಹಾಕಿತು. ಬಿದರಿಯಲ್ಲಿ ಧನಿಕನ ಬೆಳ್ಳಿ ದುಡಿಯುವವನ ಕೈಯಲ್ಲಿರುತ್ತದೆ. ಸಕ್ಕರೆಯಲ್ಲಿ ದುಡಿಯುವವನ ಕಬ್ಬು ಕಾರ್ಖಾನೆಯ ಕೈಯಲ್ಲಿರುತ್ತದೆ. ದಿಕ್ಕು ತಿರುಗಿದೆ, ಪ್ರಶ್ನೆ ಮಾತ್ರ ಅದೇ: ಸರಕು ಯಾರದು, ಎಷ್ಟು ಕಾಲ? ತನ್ನ ಇಚ್ಛೆಯಿಲ್ಲದೆ ಸಾಲ ಕೊಟ್ಟ ರೈತನನ್ನು ಸಾಲಗಾರನೆಂದು ಮಾತ್ರ ಬಣ್ಣಿಸುವ ಕೃಷಿ ಇತಿಹಾಸವು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಇನ್ನು ಇಂದಿನ ಪರಿಹಾರಗಳ ವಿಚಾರ. ಬಿದರಿಗೆ ೨೦೦೬ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ೨೦೨೩ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಇವು ಸಂತೋಷದ ಸಂಗತಿಗಳು. ಮೊದಲನೆಯದು ಹೆಸರನ್ನು ಕಾಯುತ್ತದೆ, ಎರಡನೆಯದು ಕೈಯನ್ನು ಗೌರವಿಸುತ್ತದೆ. ಬೆಳ್ಳಿಯನ್ನು ಒದಗಿಸುವುದು ಎರಡರ ಕೆಲಸವೂ ಅಲ್ಲ. ಬೆಳ್ಳಿಗೆ ಬ್ಯಾಂಕಿನ ಸಾಲವಿದೆಯಲ್ಲ ಎಂಬ ಉತ್ತರ ಬರಬಹುದು. ಸಣ್ಣ ಕೈಗಾರಿಕೆಗಳ ಸಾಲವನ್ನು ಕುರಿತು ರಿಸರ್ವ್ ಬ್ಯಾಂಕು ೧೯೯೧ರಲ್ಲಿ ನೇಮಿಸಿದ ನಾಯಕ್ ಸಮಿತಿಯು, ವರ್ಷದ ವಹಿವಾಟಿನ ನಾಲ್ಕನೆಯ ಒಂದು ಭಾಗ ದುಡಿಯುವ ಬಂಡವಾಳವಾಗಿ ಬೇಕೆಂದು ಎಣಿಸಿ, ನೂರಕ್ಕೆ ಇಪ್ಪತ್ತನ್ನು ಬ್ಯಾಂಕು ಕೊಡಬೇಕು, ಐದನ್ನು ತಯಾರಕನು ಹಾಕಬೇಕು ಎಂದು ಶಿಫಾರಸು ಮಾಡಿತು. ಸಣ್ಣವನಿಗೆ ಒಂದು ಸರಳ ಹಕ್ಕನ್ನು ದೊರಕಿಸಿದ ಆ ಸೂತ್ರದ ಉಪಕಾರ ದೊಡ್ಡದು. ಆದರೆ ನಾಲ್ಕನೆಯ ಒಂದು ಭಾಗವೆಂದರೆ ಹಣವು ಮೂರು ತಿಂಗಳಿಗೊಮ್ಮೆ ಮರಳುತ್ತದೆಂಬ ಗ್ರಹಿಕೆ. ಪಾತ್ರೆಯು ಆರು ತಿಂಗಳು ಕಪಾಟಿನಲ್ಲಿ ಕುಳಿತರೆ ಬ್ಯಾಂಕಿನ ಇಪ್ಪತ್ತು ಇಪ್ಪತ್ತಾಗಿಯೇ ಉಳಿದು, ಕುಶಲಿಯ ಐದು ಮೂವತ್ತಾಗುತ್ತದೆ. ಆ ಮೂವತ್ತಕ್ಕೆ ಅವನು ಸಾಹುಕಾರನ ಬಾಗಿಲಿಗೇ ಹೋಗಬೇಕು.

ಇದರ ಮೇಲೆ ಬೆಳ್ಳಿಯ ಬೆಲೆ. ೨೦೨೫ರಲ್ಲಿ ಅದು ಕಿಲೋಗ್ರಾಮಿಗೆ ಒಂದು ಲಕ್ಷ ರೂಪಾಯಿಗಳನ್ನು ದಾಟಿ ಏರಿತು. ರೂಪಾಯಿಯಲ್ಲಿ ನಿಗದಿಯಾದ ಸಾಲದ ಮಿತಿಯು ಬೆಲೆ ಏರಿದಂತೆಲ್ಲ ಬೆಳ್ಳಿಯ ತೂಕದಲ್ಲಿ ಕುಗ್ಗುತ್ತದೆ. ತೂಕದಲ್ಲಿ ಒಪ್ಪಿಸಿದ ಬೆಳ್ಳಿ ಕುಗ್ಗುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಒಂದು ಮುಖ್ಯ ಬದಲಾವಣೆ ಮಾಡಿತು. ಅದುವರೆಗೆ ಆಭರಣ ತಯಾರಕರಿಗಷ್ಟೇ ಇದ್ದ ವಿನಾಯಿತಿಯನ್ನು ವಿಸ್ತರಿಸಿ, ಚಿನ್ನ ಬೆಳ್ಳಿಗಳನ್ನು ಕಚ್ಚಾ ಸಾಮಗ್ರಿಯಾಗಿ ಬಳಸುವ ಎಲ್ಲ ತಯಾರಕರಿಗೂ ದುಡಿಯುವ ಬಂಡವಾಳದ ಸಾಲ ಕೊಡಲು ಬ್ಯಾಂಕುಗಳಿಗೆ ಅಕ್ಟೋಬರ್ ೧ರಿಂದ ಅನುಮತಿಯಿತ್ತಿತು. ಬಿದರಿಯವನಿಗೆ ಇದರಿಂದ ಬಾಗಿಲು ತೆರೆದಂತಾಯಿತು. ಆದರೆ ತೆರೆದದ್ದು ಋಣಾದಾನದ ಬಾಗಿಲು. ಚಿನ್ನವನ್ನು ತೂಕದಲ್ಲಿಯೇ ಆಭರಣ ತಯಾರಕರಿಗೆ ಸಾಲ ಕೊಡುವ ಪದ್ಧತಿ ನಮ್ಮ ಬ್ಯಾಂಕುಗಳಲ್ಲಿದೆ. ಬಿದರಿಯವರ ಸಹಕಾರ ಸಂಘವೊಂದು ಬೆಳ್ಳಿಯನ್ನು ಅದೇ ರೀತಿ ತೂಕದಲ್ಲಿ ಪಡೆದು, ತೂಕದಲ್ಲಿ ಹಂಚಿ, ಮುಗಿದ ಪಾತ್ರೆಯನ್ನು ಕೂಡಲೇ ಕೊಂಡುಕೊಂಡರೆ ಬೆಲೆಯ ಅಪಾಯವೂ ಕಾಯುವ ಕಾಲವೂ ಒಬ್ಬನ ಹೆಗಲಿನಿಂದ ಹಲವರ ಹೆಗಲಿಗೆ ಹೋಗುವುವು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರಿಗಾಗಿ ಸಹಕಾರ ಸಂಘವನ್ನು ಕಟ್ಟಿದ ನಾಡಿಗೆ ಇದು ಅಸಾಧ್ಯವಾದ ಮಾತಲ್ಲ.

ಪರಿಹಾರವನ್ನು ವಿಧಿಸುವುದು ಇತಿಹಾಸಕಾರನ ಮೊದಲ ಕರ್ತವ್ಯವಲ್ಲ; ಪ್ರಶ್ನೆಯನ್ನು ಸರಿಯಾಗಿ ಇಡುವುದು ಅವನ ಕರ್ತವ್ಯ. ಅದಕ್ಕೆ ಬೇಕಾದ ಸಾಮಗ್ರಿಯು ಶಾಸನಗಳಲ್ಲಿಯೂ ತವಾರೀಖುಗಳಲ್ಲಿಯೂ ಮಾತ್ರ ಇಲ್ಲ. ಬೀದರ, ಭಾಲ್ಕಿ, ಔರಾದಗಳ ಹಳೆಯ ಅಂಗಡಿಗಳ ಕಿರ್ದಿ ಖಾತೆಗಳಲ್ಲಿ, ಉರ್ದು ಮರಾಠಿ ಕನ್ನಡಗಳಲ್ಲಿ ಬರೆದ ಮುಂಗಡದ ಚೀಟಿಗಳಲ್ಲಿ, ಕಾರಖಾನೆಗಳ ತೂಕದ ಪಟ್ಟಿಗಳಲ್ಲಿ ಅದು ಸಿಗಬೇಕು. ಇಂಥ ಕಾಗದಗಳನ್ನು ರದ್ದಿಗೆ ಹಾಕುವುದು ಎಲ್ಲ ಊರುಗಳಲ್ಲಿಯೂ ನಡೆದಿದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಇನ್ನೊಂದು ಕೋಟೆಯ ವರ್ಣನೆಯನ್ನು ಬರೆಯುವ ಬದಲು, ಒಂದು ಅಂಗಡಿಯ ಹತ್ತು ವರ್ಷಗಳ ಖಾತೆಯನ್ನು ಓದಿ, ಬೆಳ್ಳಿ ಎಂದು ಹೊರಟಿತು, ಪಾತ್ರೆ ಎಂದು ಬಂದಿತು, ಹಣ ಎಂದು ಮರಳಿತು ಎಂಬ ಮೂರು ದಿನಾಂಕಗಳನ್ನು ಪಟ್ಟಿ ಮಾಡಿದರೆ ಸಾಕು. ಆ ಮೂರು ದಿನಾಂಕಗಳು ಕೈಗೆ ಬಂದಾಗ ಬಿದರಿಯ ಇಳಿತಕ್ಕೆ ಕುಶಲಿಯನ್ನು ಹೊಣೆಯಾಗಿಸುವ ಮಾತು ಎಷ್ಟು ನಿಲ್ಲುತ್ತದೆ, ಎಷ್ಟು ಬೀಳುತ್ತದೆ ಎಂಬುದು ತಾನಾಗಿಯೇ ನಿರ್ಣಯವಾಗುವುದು.